ಆಫೀಸರ್ ಆಗಿ ಮಿಲ್ಟ್ರಿಗೆ ಹೋಗ್ಲಾ ಅಂತ ಕೇಳುವ ಕಾಲೇಜು ಹುಡುಗರಿಗೆ

ಅಕ್ಕನ ಮಗ ಹಾಸನದಲ್ಲಿ ಎರಡನೇ ವರ್ಷದ ಬಿಕಾಂ ಓದುತ್ತಿದ್ದಾನೆ. ಹಬ್ಬಕ್ಕೆ ಬಂದವನು ಊಟ ಆದಮೇಲೆ ಜಗಲಿ ಮೇಲೆ ಕೂತು ಮೆತ್ತಗೆ ಕೇಳಿದ: “ಮಾವ, ನಾನು ಆರ್ಮಿಗೆ ಹೋಗ್ಲಾ?” ಒಳಗಿಂದ ಅಕ್ಕ “ಏನೋ ಅದು?” ಅಂದಳು. “ಏನಿಲ್ಲಮ್ಮ, ಕ್ರಿಕೆಟ್” ಅಂದ.

ನಾನು 2010ರಲ್ಲಿ ಶಾರ್ಟ್ ಸರ್ವಿಸ್ ಆಫೀಸರ್ (ಇಂತಿಷ್ಟೇ ವರ್ಷ ಅಂತ ಸೇರುವ ಆಫೀಸರ್) ಆಗಿ ಸೇರಿ, ಹತ್ತು ವರ್ಷ ಮುಗಿಸಿ, ಮೇಜರ್ ಆಗಿ ಹೊರಗೆ ಬಂದವನು. ಇದ್ದದ್ದು ಆರ್ಮಿ ಸರ್ವಿಸ್ ಕೋರ್‌ನಲ್ಲಿ. ಅಂದರೆ ಸೈನಿಕರಿಗೆ ಹಿಟ್ಟು, ಬೇಳೆ, ಸೀಮೆಎಣ್ಣೆ, ಡೀಸೆಲ್ ಮುಟ್ಟಿಸುವ ಕೆಲಸ. ಈಗ ಒಂದು ಗೋದಾಮು ನೋಡಿಕೊಳ್ಳುತ್ತೇನೆ. ಅವತ್ತು ಜಗಲಿಯಲ್ಲಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಿ. ನಮ್ಮ ಕಡೆ ‘ಮಿಲ್ಟ್ರಿಗೆ ಸೇರ್ದ’ ಅಂದರೆ ಎಲ್ಲಾ ಒಂದೇ. ಹಾಗಲ್ಲ. ಮೈದಾನದಲ್ಲಿ ಓಡಿಸಿ ತೆಗೆದುಕೊಳ್ಳುತ್ತಾರಲ್ಲ, ಅದು ಅಗ್ನಿವೀರ್, ಅಂದರೆ ಜವಾನರಾಗಿ ಸೇರುವುದು. ನಾಲ್ಕು ವರ್ಷ, ಆಮೇಲೆ ಹೆಚ್ಚೆಂದರೆ ನೂರಕ್ಕೆ 25 ಜನರನ್ನು ಉಳಿಸಿಕೊಳ್ಳುತ್ತಾರೆ. ಆಫೀಸರ್ ಆಗುವ ದಾರಿಯೇ ಬೇರೆ. ಡಿಗ್ರಿ ಇದ್ದೂ ಆ ದಾರಿ ಗೊತ್ತಿಲ್ಲದೆ ರ‍್ಯಾಲಿಯ ಸಾಲಲ್ಲಿ ನಿಂತ ಹುಡುಗರನ್ನು ನಾನೇ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಡಿಗ್ರಿಯವರಿಗೆ ಮುಖ್ಯ ದಾರಿ ಯುಪಿಎಸ್‌ಸಿ ನಡೆಸುವ ಸಿಡಿಎಸ್ (ಕಂಬೈನ್ಡ್ ಡಿಫೆನ್ಸ್ ಸರ್ವಿಸಸ್) ಪರೀಕ್ಷೆ. ವರ್ಷಕ್ಕೆ ಎರಡು ಸಲ ಇರುತ್ತದೆ. ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಬರೆಯಬಹುದು. ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿ, ಅಂದರೆ ಐಎಂಎಗೆ ಇಂಗ್ಲಿಷ್, ಸಾಮಾನ್ಯ ಜ್ಞಾನ, ಗಣಿತ ಮೂರೂ ಬೇಕು. ಚೆನ್ನೈನ ಆಫೀಸರ್ಸ್ ಟ್ರೇನಿಂಗ್ ಅಕಾಡೆಮಿ, ಅಂದರೆ ಓಟಿಎಗೆ ಗಣಿತ ಬೇಡ. ಲೆಕ್ಕಕ್ಕೆ ಹೆದರುವ ಆರ್ಟ್ಸ್ ಹುಡುಗರೇ, ಈ ಸಾಲನ್ನು ಇನ್ನೊಂದು ಸಲ ಓದಿಕೊಳ್ಳಿ. ಹುಡುಗಿಯರಿಗೂ ಓಟಿಎ ದಾರಿ ಇದೆ. ಏರ್‌ಫೋರ್ಸ್ ಬೇಕಾದವರಿಗೆ ಎಎಫ್‌ಕ್ಯಾಟ್ ಅಂತ ಬೇರೆ ಪರೀಕ್ಷೆ. ಎನ್‌ಸಿಸಿಯ ‘ಸಿ’ ಸರ್ಟಿಫಿಕೇಟ್ ಇದ್ದು, ಅದರಲ್ಲಿ ಕನಿಷ್ಠ ಬಿ ಗ್ರೇಡ್, ಡಿಗ್ರಿಯಲ್ಲಿ ಶೇ 50 ಅಂಕ ಇದ್ದರೆ ಲಿಖಿತ ಪರೀಕ್ಷೆಯೇ ಇಲ್ಲದೆ ನೇರ ಸಂದರ್ಶನಕ್ಕೆ ಕರೆಸಿಕೊಳ್ಳುವ ಎಂಟ್ರಿಯೂ ಇದೆ. ಮೊದಲ ವರ್ಷದಲ್ಲಿರುವವರು ಸುಮ್ನೆ ಎನ್‌ಸಿಸಿ ಸೇರಿಬಿಡಿ. ಕ್ಯಾಂಪಿನ ಟೆಂಟಿನಲ್ಲಿ ಹತ್ತು ದಿನ ಮಲಗಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇನ್ನು ‘ಹೋಗ್ಲಾ ಬೇಡ್ವಾ’ ಅನ್ನುವ ವಿಷಯ. ನನ್ನ ಮಾತು ಕೇಳಿ, ಅದನ್ನು ಈಗ ತೀರ್ಮಾನ ಮಾಡಲೇಬೇಡಿ. ಸಿಡಿಎಸ್ ಪರೀಕ್ಷೆ ಫೀಸು 200 ರೂಪಾಯಿ, ಹುಡುಗಿಯರಿಗೆ ಮತ್ತು ಎಸ್‌ಸಿ, ಎಸ್‌ಟಿಯವರಿಗೆ ಅದೂ ಇಲ್ಲ. ಬರೆದರೆ ಸೇರಲೇಬೇಕು ಅಂತಿಲ್ಲ. ಪಾಸಾದರೆ ಎಸ್‌ಎಸ್‌ಬಿ, ಅಂದರೆ ಆಫೀಸರ್ ಆಯ್ಕೆ ಮಂಡಳಿಯ ಸಂದರ್ಶನ. ಅಲ್ಲಿ ಆಯ್ಕೆಯಾದರೂ ಸೇರಲೇಬೇಕು ಅಂತಿಲ್ಲ. ಅಕಾಡೆಮಿಗೆ ಕಾಲಿಟ್ಟ ಮೇಲೆ ಮಾತ್ರ ಲೆಕ್ಕ ಬೇರೆ. ಟ್ರೇನಿಂಗ್ ಮಧ್ಯೆ ನಿಮ್ಮಿಷ್ಟಕ್ಕೆ ಬಿಟ್ಟು ಬಂದರೆ ಅದರ ಖರ್ಚು ಕಟ್ಟಬೇಕು. ಹಾಗಾಗಿ ಜಾಯ್ನಿಂಗ್ ಲೆಟರ್ ಬರುವವರೆಗೂ ನಿಮಗೆ ಟೈಮ್ ಇದೆ. ಅಲ್ಲಿಯವರೆಗೆ ಒಂದೊಂದೇ ಬಾಗಿಲು ತಟ್ಟಿ. ಕೆಲವು ಬಾಗಿಲು ತಾವೇ ಮುಚ್ಚಿಕೊಳ್ಳುತ್ತವೆ, ನೀವು ತಲೆಕೆಡಿಸಿಕೊಳ್ಳುವ ಕೆಲಸವೇ ಇರುವುದಿಲ್ಲ.

ಓದುವುದಕ್ಕೂ ಮೊದಲು ತಟ್ಟಬೇಕಾದ್ದು ಕಣ್ಣಿನ ಡಾಕ್ಟರ ಬಾಗಿಲು. ಬಣ್ಣದ ಚುಕ್ಕಿಗಳ ನಡುವೆ ಅಂಕಿ ಓದಿಸುವ ಪುಸ್ತಕ ಇರುತ್ತದಲ್ಲ, ಅದನ್ನು ಓದಿ ಬನ್ನಿ. ಬಣ್ಣ ಗುರುತಿಸುವ ತೊಂದರೆ ಇದ್ದರೆ ಪೈಲಟ್ ಆಸೆ ಅಲ್ಲಿಗೇ ಮುಗಿಯಿತು. ಅದನ್ನು ಎರಡು ವರ್ಷ ಓದಿದ ಮೇಲೆ ತಿಳಿದುಕೊಳ್ಳುವುದು ಯಾಕೆ? ಪಾದ ಚಪ್ಪಟೆ ಇದೆಯಾ, ನಿಂತಾಗ ಮೊಣಕಾಲು ಒಂದಕ್ಕೊಂದು ತಾಗುತ್ತವಾ, ಅದನ್ನೂ ತೋರಿಸಿ. ನನ್ನನ್ನು ಮೆಡಿಕಲ್‌ನಲ್ಲಿ ನಿಲ್ಲಿಸಿದ್ದು ಕಿವಿಯ ಗುಗ್ಗೆ. ಎಸ್‌ಎಸ್‌ಬಿ ಗೆದ್ದು ಬೀಗುತ್ತಿದ್ದವನಿಗೆ ‘ತಾತ್ಕಾಲಿಕ ಅನ್‌ಫಿಟ್’ ಅಂತ ಚೀಟಿ ಕೊಟ್ಟರು. ಊರಿಗೆ ಬಂದು ಕಿವಿ ಕ್ಲೀನ್ ಮಾಡಿಸಿಕೊಂಡು ಮತ್ತೆ ಹೋಗಬೇಕಾಯಿತು. ನಮ್ಮಪ್ಪ ಅದನ್ನು ಊರಿಗೆಲ್ಲ ಹೇಳಿಕೊಂಡು ನಕ್ಕರು.

ಎಸ್‌ಎಸ್‌ಬಿ ಐದು ದಿನದ್ದು. ಬೆಂಗಳೂರಿನಲ್ಲೂ ಒಂದು ಸೆಂಟರ್ ಇದೆ. ನಾನು ಮೂರು ಸಲ ಹೋದೆ. ಮೊದಲ ಸಲ, ಮೊದಲ ದಿನವೇ ವಾಪಸ್. ಮಸುಕಾದ ಒಂದು ಚಿತ್ರವನ್ನು 30 ಸೆಕೆಂಡ್ ತೋರಿಸುತ್ತಾರೆ, ನಾಲ್ಕು ನಿಮಿಷದಲ್ಲಿ ಕತೆ ಬರೆಯಬೇಕು. ಆಮೇಲೆ ಗುಂಪಿನಲ್ಲಿ ಕೂತು ಎಲ್ಲರೂ ಸೇರಿ ಒಂದು ಕತೆಗೆ ಬರಬೇಕು. ಕೋಚಿಂಗ್‌ನಲ್ಲಿ ಯಾರೋ ‘ಜೋರಾಗಿ ಮಾತಾಡು’ ಅಂದಿದ್ದರು. ನಾನು ಸಂತೆಯಲ್ಲಿ ಹರಾಜು ಕೂಗಿದ ಹಾಗೆ ಕೂಗಿದೆ. ಮಧ್ಯಾಹ್ನ ಪಾಸಾದವರ ಚೆಸ್ಟ್ ನಂಬರ್ ಓದಿದರು, ನನ್ನದು ಬರಲಿಲ್ಲ. ಎರಡನೇ ಸಲ ಐದೂ ದಿನ ಇದ್ದು ಕೊನೆಗೆ ಔಟ್. ಮೂರನೇ ಸಲ ಒಂದು ಗ್ರೌಂಡ್ ಟಾಸ್ಕ್. ಹಲಗೆ, ಬಲ್ಲಿ (ಉದ್ದನೆಯ ಮರದ ಕಂಬ), ಹಗ್ಗ ಕೊಟ್ಟು, ಕೆಂಪು ಬಣ್ಣ ಬಳಿದದ್ದನ್ನು ಮುಟ್ಟದೆ ಇಡೀ ಗುಂಪು ಆಚೆ ದಾಟಬೇಕು. ನನಗೆ ಐಡಿಯಾ ಹೊಳೆಯಲಿಲ್ಲ. ಕೊಲ್ಲಂ ಕಡೆಯ ಹುಡುಗನೊಬ್ಬನಿಗೆ ಹೊಳೆದಿತ್ತು, ಆದರೆ ಅವನ ಮಾತು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. “ಅವನು ಹೇಳಿದ ಹಾಗೆ ಮಾಡಿ ನೋಡೋಣ” ಅಂತ ಹೇಳಿ ಬಲ್ಲಿಯ ತುದಿ ಗಟ್ಟಿಯಾಗಿ ಹಿಡಿದುಕೊಂಡು ನಿಂತೆ. ಮಾಡಿದ್ದು ಅಷ್ಟೇ. ಆಯ್ಕೆಗೆ ಅದೇ ಕಾರಣವಾ, ನನಗೆ ಯಾರೂ ಹೇಳಿಲ್ಲ. ನಾನು ನಾನಾಗಿದ್ದದ್ದು ಮಾತ್ರ ಆ ಸಲವೇ.

ಕನ್ನಡ ಮೀಡಿಯಂ ಅಂತ ಹಿಂಜರಿಯಬೇಡಿ. ನನ್ನ ಇಂಗ್ಲಿಷ್ ಈಗಲೂ ಅಷ್ಟಕ್ಕಷ್ಟೇ. ತಪ್ಪಾದರೂ ನಿಲ್ಲಿಸದೆ ಹೇಳುವ ಅಭ್ಯಾಸ ಇದ್ದರೆ ಸಾಕು. ಹಿಂದಿ ಮಾತ್ರ ಕಲಿಯಲೇಬೇಕಾಗುತ್ತದೆ, ಅದನ್ನು ಜವಾನರೇ ಕಲಿಸುತ್ತಾರೆ.

ಈಗ ಅಸಲಿ ಪ್ರಶ್ನೆ. ಯೂನಿಫಾರ್ಮ್ ಇಷ್ಟವಾ ಅಂತ ಕೇಳಿಕೊಳ್ಳಬೇಡಿ, ಅದು ಎಲ್ಲರಿಗೂ ಇಷ್ಟ. ಲೆಫ್ಟಿನೆಂಟ್ ಆಗಿ ಯೂನಿಟ್‌ಗೆ ಹೋದ ಮೊದಲ ತಿಂಗಳು ನಡೆದದ್ದು ಹೇಳುತ್ತೇನೆ. ಒಬ್ಬ ಡ್ರೈವರ್ ರಜೆ ಕೇಳಲು ಬಂದ. ಊರಲ್ಲಿ ತಂದೆಗೆ ಹುಷಾರಿಲ್ಲ. ಆಗಲೇ ಇಬ್ಬರು ಡ್ರೈವರ್ ರಜೆಯಲ್ಲಿದ್ದಾರೆ, ಹಿಮ ಬಿದ್ದು ದಾರಿ ಮುಚ್ಚುವುದರೊಳಗೆ ಮೇಲಿನ ಪೋಸ್ಟ್‌ಗಳಿಗೆ ಚಳಿಗಾಲದ ಸಾಮಾನು ಸಾಗಿಸಬೇಕು. ಅವನಿಗೆ 35 ವರ್ಷ, ನನಗೆ 23. ಪಕ್ಕದಲ್ಲಿ ಸುಬೇದಾರ್ ಸಾಹೇಬರು. ನಾನು ಹುಟ್ಟಿದ ಕಾಲಕ್ಕೇ ಸೇನೆ ಸೇರಿದವರು. ಅವರ ಮುಖ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದರು. ನೀನೇ ಹೇಳು ಅನ್ನುವ ಹಾಗೆ. ಆರು ದಿನ ರಜೆ ಕೊಟ್ಟೆ. ಅವನು ಹೋದ ಮೇಲೆ ಸಾಹೇಬರು, “ಗಾಡಿ ಯಾರು ಓಡಿಸ್ತಾರೆ ಸಾಬ್?” ಅಂದರು. ಅದನ್ನು ನಾನು ಯೋಚಿಸಿರಲೇ ಇಲ್ಲ. ಆಮೇಲೆ ಅವರೇ ಇನ್ನೊಂದು ಸೆಕ್ಷನ್‌ನಿಂದ ಡ್ರೈವರ್ ಹೊಂದಿಸಿದರು.

ಆಫೀಸರ್ ಕೆಲಸದಲ್ಲಿ ಬಹುಪಾಲು ಇದೇ. ರಜೆ, ಗಾಡಿ, ರೇಷನ್, ಯಾರದೋ ಮನೆ ಜಗಳ, ಯಾರದೋ ಸಾಲ. ಕಾಲೇಜು ಫೆಸ್ಟ್‌ನಲ್ಲಿ ಊಟದ ಕೂಪನ್ ಕಡಿಮೆ ಬಿದ್ದಾಗ ನೀವು ಮುಂದೆ ಹೋಗಿ ನಿಲ್ಲುತ್ತೀರಾ, ಮೆಲ್ಲಗೆ ಜಾರಿಕೊಳ್ಳುತ್ತೀರಾ? ಎರಡನೆಯದಾದರೆ ಇನ್ನೊಮ್ಮೆ ಯೋಚಿಸಿ.

ದುಡ್ಡಿನ ವಿಷಯವನ್ನೂ ನಾಚಿಕೆ ಇಲ್ಲದೆ ಕೇಳಿ. ಲೆಫ್ಟಿನೆಂಟ್ ಮೂಲ ವೇತನ 56,100 ರೂಪಾಯಿ. ಅದರ ಮೇಲೆ 15,500 ಮಿಲಿಟರಿ ಸರ್ವಿಸ್ ಪೇ, ಡಿಎ ಬೇರೆ. ಟ್ರೇನಿಂಗ್‌ನಲ್ಲೂ 56,100 ಸ್ಟೈಪೆಂಡ್ ಇದೆ. ಆದರೆ ಓಟಿಎಯಿಂದ ಸಿಗುವುದು ಶಾರ್ಟ್ ಸರ್ವಿಸ್. ಹತ್ತು ವರ್ಷ, ಬೇಕಾದರೆ ಮತ್ತೆ ನಾಲ್ಕು. ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿವರೆಗೂ ಇರುವ ಅವಕಾಶ ಕೇಳಬಹುದು, ಎಲ್ಲರಿಗೂ ಸಿಗುವುದಿಲ್ಲ. ಸಿಗದಿದ್ದರೆ ಪಿಂಚಣಿ ಇಲ್ಲ. 33ನೇ ವಯಸ್ಸಿಗೆ, ಹೆಂಡತಿ, ಸಣ್ಣ ಮಗು ಇರುವಾಗ ಬಯೋಡೇಟಾ ಬರೆಯಲು ಕೂರಬೇಕು. ಹೊರಗೆ ಬರುವವರಿಗೆ ಐಐಎಂಗಳಲ್ಲಿ 24 ವಾರಗಳ ಕೋರ್ಸ್ ಇರುತ್ತದೆ, ಸರ್ಕಾರಿ ಪರೀಕ್ಷೆಗಳಲ್ಲಿ ವಯಸ್ಸಿನ ಸಡಿಲಿಕೆಯೂ ಇದೆ. ಆದರೂ ನನಗೆ ಮೊದಲ ಎಂಟು ತಿಂಗಳು ಕೆಲಸ ಇರಲಿಲ್ಲ. ಕೊರೊನಾ ವರ್ಷ ಬೇರೆ. ಅಕ್ಕಪಕ್ಕದವರು ಮಾತ್ರ ‘ಕ್ಯಾಂಟೀನಿಂದ ಒಂದು ರಮ್ ಬಾಟ್ಲು ಕೊಡ್ಸಿ ಸಾರ್’ ಅನ್ನುವುದನ್ನು ಬಿಡಲಿಲ್ಲ.

ಪಿಂಚಣಿ ಮುಖ್ಯ ಅನ್ನಿಸಿದರೆ ಗಣಿತ ಕಲಿತು ಐಎಂಎಗೆ ಬರೆಯಿರಿ, ಅದು ಶುರುವಿನಿಂದಲೇ ಪರ್ಮನೆಂಟ್. ಇಪ್ಪತ್ತರ ವಯಸ್ಸಿನ ಹತ್ತು ವರ್ಷ ಚೆನ್ನಾಗಿ ಕಳೆದರೆ ಸಾಕು, ಮುಂದಿನದು ನೋಡಿಕೊಳ್ಳೋಣ ಅನ್ನುವವರಿಗೆ ಓಟಿಎ ಚೆನ್ನ. ನಾನು ಆ ಜಾತಿ.

ಮನೆಯಲ್ಲಿ ಹೇಳುವುದನ್ನು ಕೊನೆಗೆ ಇಡಬೇಡಿ. ನಮ್ಮಮ್ಮ ಗಡಿ, ಗುಂಡು ಅಂತ ಅಳುತ್ತಾಳೆ ಅಂದುಕೊಂಡಿದ್ದೆ. ಅವಳ ಚಿಂತೆ ಟ್ರೇನಿಂಗ್ ಮುಗಿಯುವವರೆಗೆ ಮದುವೆ ಆಗುವ ಹಾಗಿಲ್ಲ ಅನ್ನುವುದು.

ಹುಡುಗ ಇದನ್ನೆಲ್ಲ ಕೇಳಿ ಹೋದ. ಮಾರನೇ ವಾರ ಕಣ್ಣಿನ ಟೆಸ್ಟ್ ಮಾಡಿಸಿ ಚೀಟಿಯ ಫೋಟೋ ಕಳಿಸಿದ. ಬಣ್ಣ ಎಲ್ಲಾ ಸರಿ ಇದೆಯಂತೆ. ಅಕ್ಕನಿಗೆ ಮಾತ್ರ ಇನ್ನೂ ಹೇಳಿಲ್ಲ. ಅದನ್ನು ನಾನೇ ಹೇಳಬೇಕಂತೆ.