ಎಂಜಿನ್‌ಗೆ ದಮ್ಮಿದೆಯಾ? ಗೇಜ್ ಹಾಕಿ ನೋಡಿ

ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಹಿಡಿಕೆ ತಳ್ಳಿ ನೋಡಿ. ಪಂಪು ಚೆನ್ನಾಗಿದ್ದರೆ ಗಾಳಿ ಬೆರಳನ್ನೇ ಎತ್ತುತ್ತದೆ. ವಾಷರ್ ಸವೆದಿದ್ದರೆ ಬುಸ್ಸೆಂದು ಒಳಗೇ ಸೋರುತ್ತದೆ. ಎಂಜಿನ್ನಿನ ಒಂದೊಂದು ಸಿಲಿಂಡರೂ ಇಂಥದ್ದೇ ಪಂಪು. ಪಿಸ್ಟನ್ ಮೇಲೇರುವಾಗ ಹುಟ್ಟುವ ಒತ್ತಡ ಪಿಸ್ಟನ್ ಸುತ್ತಲಿನ ರಿಂಗ್, ಗಾಳಿ ಒಳಗೆ ಹೊರಗೆ ಬಿಡುವ ವಾಲ್ವ್ ಅಥವಾ ಸಿಲಿಂಡರಿಗೆ ಮುಚ್ಚಳದಂತಿರುವ ಹೆಡ್ಡಿನ ಕೆಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್‌ನಲ್ಲಿ ಸೋರಿದರೆ ಕಾರಿನ ಪಿಕಪ್ ಹೋಗುತ್ತದೆ, ನಿಂತಲ್ಲೇ ನಡುಗುತ್ತದೆ, ಮಿಸ್ ಹೊಡೆಯುತ್ತದೆ. ಕಿಡಿ ಹೊತ್ತಿಸುವ ಪ್ಲಗ್, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ ಬದಲಿಸಿದರೂ ಕಾಯಿಲೆ ಬಿಡದಿದ್ದರೆ ಈ ಒತ್ತಡವನ್ನು ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡುವ ಹೊತ್ತು ಬಂದಿದೆ ಎಂದೇ ಅರ್ಥ.

ಇಲ್ಲಿ ಹೇಳುತ್ತಿರುವುದು ಪೆಟ್ರೋಲ್ ಎಂಜಿನ್ನಿಗೆ ಮಾತ್ರ. ಡೀಸೆಲ್‌ನಲ್ಲಿ ಒತ್ತಡ ತೀರಾ ಜಾಸ್ತಿ. ಅದರ ಗೇಜೇ ಬೇರೆ.

ಬೇಕಾದದ್ದು ಕಂಪ್ರೆಷನ್ ಗೇಜ್, ಪ್ಲಗ್ ಪಾನಾ, ಪೆನ್ನು, ಹಾಳೆ, ಕಾರೊಳಗೆ ಕೂರಲು ಇನ್ನೊಬ್ಬರು. ರಬ್ಬರ್ ತುದಿ ಒತ್ತಿ ಹಿಡಿಯುವ ಗೇಜ್‌ಗಿಂತ ಪ್ಲಗ್ ಜಾಗಕ್ಕೆ ತಿರುಗಿಸಿ ಕೂರಿಸುವ ಥ್ರೆಡ್ ಗೇಜ್ ವಾಸಿ. ಬ್ಯಾಟರಿ ಫುಲ್ ಚಾರ್ಜ್ ಇರಲಿ.

ಮೊದಲು ಎಂಜಿನ್ ಬಿಸಿ ಮಾಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಎಂಜಿನ್ ಓಡುತ್ತಿರುವಾಗಲೇ ಫ್ಯೂಯಲ್ ಪಂಪ್ ಫ್ಯೂಸ್ ತೆಗೆಯಿರಿ. ಪೈಪಿನಲ್ಲಿದ್ದ ಪೆಟ್ರೋಲ್ ಮುಗಿದು ತಾನಾಗಿಯೇ ನಿಲ್ಲುತ್ತದೆ. ಕೀ ಆಫ್ ಮಾಡಿ, ಕಾಯಿಲ್‌ಗಳ ಕನೆಕ್ಟರ್ ಬಿಚ್ಚಿ. ಪೆಟ್ರೋಲ್ ಆವಿಯ ಪಕ್ಕದಲ್ಲಿ ಕಿಡಿ ಹಾರಬಾರದು, ಅಲ್ವಾ? ಹಾಗಾಗಿ ಇದೊಂದು ಹೆಜ್ಜೆಯನ್ನು ಯಾವ ಕಾರಣಕ್ಕೂ ಬಿಡಬೇಡಿ.

ಈಗ ಸ್ವಲ್ಪ ಕಾಯಿರಿ. ಕುದಿಯುವಷ್ಟು ಬಿಸಿ ಇರುವ ಅಲ್ಯೂಮಿನಿಯಂ ಹೆಡ್‌ನಿಂದ ಪ್ಲಗ್ ಬಿಚ್ಚಿದರೆ ಥ್ರೆಡ್ ಕಿತ್ತು ಬರುವ ಅಪಾಯವಿದೆ. ಬೆಚ್ಚಗಿದ್ದರೆ ಸಾಕು. ಪ್ಲಗ್ ಸುತ್ತಲಿನ ಧೂಳನ್ನು ಗಾಳಿ ಹೊಡೆದು ತೆಗೆಯಿರಿ, ಇಲ್ಲದಿದ್ದರೆ ಅದು ನೇರ ಸಿಲಿಂಡರ್ ಒಳಗೆ. ಎಲ್ಲ ಪ್ಲಗ್‌ಗಳನ್ನೂ ಬಿಚ್ಚಬೇಕು, ಆಗಲೇ ಎಂಜಿನ್ ಸಲೀಸಾಗಿ, ಒಂದೇ ವೇಗದಲ್ಲಿ ತಿರುಗುವುದು. ಬಿಚ್ಚಿದವನ್ನು ಸಾಲಾಗಿ ಇಡಿ. ಯಾವುದಾದರೂ ಒಂದು ಎಣ್ಣೆ ಹಿಡಿದು ಕಪ್ಪಗಿದ್ದರೆ ಆ ಸಿಲಿಂಡರ್ ಮೇಲೆ ಆಗಲೇ ಒಂದು ಕಣ್ಣಿಡಿ.

ಗೇಜನ್ನು ಮೊದಲ ಸಿಲಿಂಡರ್‌ಗೆ ಕೈಯಿಂದಲೇ ತಿರುಗಿಸಿ ಹಾಕಿ, ಪಾನಾ ಬೇಡ. ಒಳಗೆ ಕೂತವರು ಆಕ್ಸಿಲರೇಟರನ್ನು ಪೂರ್ತಿ ಒತ್ತಿಕೊಂಡೇ ಸೆಲ್ಫ್ ಹೊಡೆಯಬೇಕು. ನಾನು ಮೊದಲ ಸಲ ಟೆಸ್ಟ್ ಮಾಡಿದಾಗ ಈ ಒಂದು ಮಾತು ಮರೆತಿದ್ದೆ. ಗಾಳಿಯೇ ಒಳಗೆ ಹೋಗದೆ ನಾಲ್ಕೂ ಸಿಲಿಂಡರ್ ಸತ್ತಂತೆ ತೋರಿಸಿ, ಎಂಜಿನ್ ಕಥೆ ಮುಗಿಯಿತು ಅಂತ ಸುಮ್ನೆ ಹೆದರಿದ್ದೆ. ಮುಳ್ಳು ಐದಾರು ಸಲ ಕುಪ್ಪಳಿಸಿ ಒಂದು ಕಡೆ ನಿಲ್ಲುತ್ತದೆ. ಬರೆದುಕೊಳ್ಳಿ, ಗುಂಡಿ ಒತ್ತಿ ಗಾಳಿ ಬಿಡಿ, ಮುಂದಿನ ಸಿಲಿಂಡರ್‌ಗೆ ಹೋಗಿ. ಎಲ್ಲಕ್ಕೂ ಅಷ್ಟೇ ಸಲ ಕುಪ್ಪಳಿಸಲಿ. ಕೊನೆಗೆ ಮೊದಲ ಸಿಲಿಂಡರನ್ನು ಮತ್ತೊಮ್ಮೆ ಅಳೆಯಿರಿ. ಈಗ ಕಮ್ಮಿ ಬಂದರೆ ಬ್ಯಾಟರಿ ಸುಸ್ತಾಗಿದೆ, ಹಿಂದಿನ ಲೆಕ್ಕವನ್ನೂ ನಂಬುವಂತಿಲ್ಲ.

ಆರೋಗ್ಯವಾಗಿರುವ ಪೆಟ್ರೋಲ್ ಎಂಜಿನ್‌ಗಳು ಸಾಮಾನ್ಯವಾಗಿ 120ರಿಂದ 200 ಪಿಎಸ್‌ಐ (ಟೈರ್ ಗಾಳಿಗೂ ಬಳಸುವ ಒತ್ತಡದ ಅಳತೆ) ನಡುವೆ ತೋರಿಸುತ್ತವೆ. ನಿಮ್ಮ ಎಂಜಿನ್ನಿನ ಸರಿಯಾದ ಅಂಕಿ ಅದರ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಆದರೆ ನಾನು ನೋಡುವುದು ಅಂಕಿಗಿಂತ ಹೆಚ್ಚಾಗಿ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವನ್ನು. ಅತಿ ಕಮ್ಮಿ ಇರುವುದು ಅತಿ ಹೆಚ್ಚಿನದರ ಶೇ 75ಕ್ಕಿಂತ ಕೆಳಗಿಳಿಯಬಾರದು ಎಂಬುದು ರೂಢಿಯ ಲೆಕ್ಕ. 170, 165, 168, 110 ಬಂತು ಅನ್ನಿ. 170ರ ಶೇ 75 ಅಂದರೆ ಸುಮಾರು 128. ನಾಲ್ಕನೆಯದು ಸಿಕ್ಕಿಬಿತ್ತು. ನಾಲ್ಕೂ 140ರ ಆಸುಪಾಸಿನಲ್ಲೇ ಇದ್ದು, ಮ್ಯಾನ್ಯುಯಲ್ ಹೇಳಿದ ಮಿತಿಯೊಳಗಿದ್ದರೆ ಚಿಂತೆ ಬೇಡ.

ಸಿಕ್ಕಿಬಿದ್ದ ಸಿಲಿಂಡರ್‌ಗೆ ಪ್ಲಗ್ ತೂತಿನಿಂದ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ರಿಂಗ್ ಅಥವಾ ಸಿಲಿಂಡರ್ ಗೋಡೆ ಸವೆದಿದೆ. ಎಣ್ಣೆ ಆ ಸಂದನ್ನು ಸ್ವಲ್ಪ ಹೊತ್ತು ಮುಚ್ಚಿತು, ಅಷ್ಟೇ. ಏರದಿದ್ದರೆ ಅನುಮಾನ ವಾಲ್ವ್ ಕಡೆಗೆ, ಇಲ್ಲವೇ ಗ್ಯಾಸ್ಕೆಟ್ ಕಡೆಗೆ. ಎಣ್ಣೆ ಜಾಸ್ತಿ ಸುರಿದರೆ ಒಳಗಿನ ಜಾಗವೇ ಕಮ್ಮಿಯಾಗಿ ಅಂಕಿ ಸುಳ್ಳು ಹೇಳುತ್ತದೆ.

ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಎಲ್ಲವೂ ಸಮನಾಗಿ ಕಮ್ಮಿಯಿದ್ದರೆ ವಾಲ್ವ್ ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಟೈಮಿಂಗ್ ಬೆಲ್ಟ್ ಅಥವಾ ಚೈನ್ ಹಲ್ಲು ತಪ್ಪಿದೆಯಾ ನೋಡಿ. ಎಲ್ಲವೂ ಇರಬೇಕಾದ್ದಕ್ಕಿಂತ ತೀರಾ ಹೆಚ್ಚಿದ್ದರೆ ಒಳಗೆ ಮಸಿ ಕಟ್ಟಿರಬಹುದು.

ಪ್ಲಗ್‌ಗಳನ್ನು ವಾಪಸ್ ಹಾಕುವಾಗಲೂ ಮೊದಲ ಸುತ್ತುಗಳು ಕೈಯಿಂದಲೇ ಆಗಲಿ, ಆಮೇಲಷ್ಟೇ ಪಾನಾ. ಕಾಯಿಲ್, ಫ್ಯೂಸ್ ಜೋಡಿಸಿ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಗಾಬರಿಯಾಗಬೇಡಿ. ನೀವೇ ಬಿಟ್ಟ ಆ ಒಂದು ಚಮಚ ಎಣ್ಣೆ ಉರಿಯುತ್ತಿದೆ.