ಟ್ಯಾಗ್ ಮುಗಿದಿದ್ದ ನಮ್ಮ ಕೊರೊಲಾವನ್ನು ದಾನ ಕೊಟ್ಟ ಅನುಭವ

2024ರ ಜನವರಿಯಲ್ಲಿ ಒಂದು ಬೆಳಿಗ್ಗೆ ನಮ್ಮ ಹಳೇ ಕೊರೊಲಾದ ಗಾಜಿನ ಮೇಲೆ ಚೀಟಿ ಅಂಟಿಸಿದ್ದರು. ‘ರಿಜಿಸ್ಟ್ರೇಶನ್ ಮುಗಿದಿದೆ, ಹತ್ತು ದಿನದೊಳಗೆ ಕಾರು ತೆಗೆಯದಿದ್ದರೆ ಟೋ ಮಾಡಿಸುತ್ತೇವೆ’ ಎಂದು ಅದರಲ್ಲಿತ್ತು. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಅತ್ತೆಗೆ ಹುಷಾರಿಲ್ಲ ಅಂತ ನಮ್ಮ ಮನೆಯವರು ಆಗ ಮೈಸೂರಿಗೆ ಹೋಗಿದ್ದರು. ಅಪಾರ್ಟ್‌ಮೆಂಟಿನ ಮ್ಯಾನೇಜರ್ ಹತ್ತಿರ ಹೋಗಿ ಒಂದು ತಿಂಗಳು ಟೈಮ್ ಕೇಳಿದೆ. ಕೊಟ್ಟರು.

ಆ ಕಾರು ಕೊಂಡದ್ದು 2006ರಲ್ಲಿ. ಲಿವರ್‌ಮೋರ್ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸಿದ್ದೆವು. ಮಗನನ್ನು ಆಸ್ಪತ್ರೆಯಿಂದ ಮನೆಗೆ ತಂದಿದ್ದು ಅದರಲ್ಲೇ, ಅವನು ಡ್ರೈವಿಂಗ್ ಕಲಿತಿದ್ದೂ ಅದರಲ್ಲೇ. ಕಡೆಗೆ ಸ್ಮಾಗ್ ಟೆಸ್ಟಿನಲ್ಲಿ, ಅಂದರೆ ಹೊಗೆ ಪರೀಕ್ಷೆಯಲ್ಲಿ, ಫೇಲಾಯಿತು. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿತ್ತು. ಈ ರಾಜ್ಯದ ನಿಯಮಕ್ಕೆ ಹೊಂದುವ ಹೊಸದನ್ನು ಹಾಕಿಸಲು ಗ್ಯಾರೇಜಿನವರು ಹೇಳಿದ ಮೊತ್ತ ಕಾರಿನ ಬೆಲೆಗಿಂತ ಜಾಸ್ತಿ ಇತ್ತು. ಸ್ಮಾಗ್ ಪಾಸಾಗದೆ ರಾಜ್ಯದ ವಾಹನ ಇಲಾಖೆಯಾದ ಡಿಎಂವಿಯವರು ನಂಬರ್ ಪ್ಲೇಟಿಗೆ ಅಂಟಿಸುವ ಹೊಸ ಸ್ಟಿಕ್ಕರ್, ಅಂದರೆ ಟ್ಯಾಗ್, ಕೊಡುವುದಿಲ್ಲ. ಹಾಗಾಗಿ 2023ರ ಮಾರ್ಚಿನಲ್ಲಿ ಟ್ಯಾಗ್ ಮುಗಿಯಿತು, ಕಾರು ನಿಂತಲ್ಲೇ ನಿಂತಿತು.

ಆಗಲೇ ಮಾಡಬೇಕಿದ್ದ ಒಂದು ಕೆಲಸ ನಾವು ಮಾಡಲಿಲ್ಲ. ಕಾರು ಓಡಿಸುವುದಿಲ್ಲ, ರಸ್ತೆಯಲ್ಲಿ ನಿಲ್ಲಿಸುವುದೂ ಇಲ್ಲ ಎಂದಾದರೆ ಡಿಎಂವಿಗೆ ‘ಪಿಎನ್‌ಒ’ ಎಂದು ಬರೆದುಕೊಡಬಹುದು. ಅದರ ಶುಲ್ಕ ಸ್ವಲ್ಪ, ದಂಡ ಬೆಳೆಯುವುದಿಲ್ಲ. ಟ್ಯಾಗ್ ಮುಗಿದು 90 ದಿನ ದಾಟಿದ ಮೇಲೆ ಆ ದಾರಿಯೂ ಮುಚ್ಚಿತು. ಮನೆ ಹೊರಗಿನ ರಸ್ತೆಯಲ್ಲಿ ನಿಲ್ಲಿಸೋಣವೆಂದರೆ ಅದೂ ಆಗದು. ರಿಜಿಸ್ಟ್ರೇಶನ್ ಮುಗಿದು ಆರು ತಿಂಗಳು ದಾಟಿದ ಕಾರನ್ನು ರಸ್ತೆಯಿಂದ ಪೊಲೀಸರು ಎತ್ತಿಸಬಹುದು.

ಮಾರಲೂ ಆಗುವಂತಿರಲಿಲ್ಲ. ಇಲ್ಲಿ ಹಳೇ ಕಾರನ್ನು ಇನ್ನೊಬ್ಬರಿಗೆ ಮಾರುವವರೇ 90 ದಿನದೊಳಗಿನ ಸ್ಮಾಗ್ ಸರ್ಟಿಫಿಕೇಟ್ ಕೊಡಬೇಕು. ಸ್ಮಾಗ್‌ನಲ್ಲಿ ಫೇಲಾದ ಕಾರನ್ನು ದುಡ್ಡು ಕೊಟ್ಟು ತೆಗೆದುಕೊಳ್ಳುವ ಸರ್ಕಾರದ ಯೋಜನೆಯೂ ಇದೆ. ಆದರೆ ಅದಕ್ಕೆ ಕಾರು ತಾನೇ ಓಡಬೇಕು, ರಿಜಿಸ್ಟ್ರೇಶನ್ ಹೇಗಿತ್ತು ಅಂತಲೂ ನೋಡುತ್ತಾರೆ. ನಿಮ್ಮ ಕಾರು ಈಗಷ್ಟೇ ಫೇಲಾಗಿದ್ದರೆ ಮೊದಲು ಅದನ್ನು ವಿಚಾರಿಸಿ. ನಮ್ಮದರ ಬ್ಯಾಟರಿ ಪೂರ್ತಿ ಸತ್ತಿತ್ತು.

ದಾನ ಕೊಡೋಣ ಅಂದುಕೊಂಡೆ. ಕಾರು ತೆಗೆದುಕೊಳ್ಳುವ ಸಂಸ್ಥೆಗಳು ಇಲ್ಲಿ ಬೇಕಾದಷ್ಟಿವೆ. ನಮ್ಮ ಕೆಕ್ಯೂಇಡಿ ರೇಡಿಯೊದವರೂ ತೆಗೆದುಕೊಳ್ಳುತ್ತಾರೆ, ಬಡವರಿಗೆ ಮನೆ ಕಟ್ಟಿಕೊಡುವ ಹ್ಯಾಬಿಟಾಟ್‌ನವರೂ ತೆಗೆದುಕೊಳ್ಳುತ್ತಾರೆ. ನಾನು ಆರಿಸಿದ್ದು ಊಟದ ಸಾಮಾನು ಹಂಚುವ ಒಂದು ಸಂಸ್ಥೆಯನ್ನು. ಫೋನ್ ಮಾಡುವ ಮೊದಲು ಎರಡು ಕಡೆ ಹೆಸರು ಹುಡುಕಿದೆ. ಒಂದು, ಕೇಂದ್ರದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನವರ ತೆರಿಗೆ ವಿನಾಯಿತಿ ಸಂಸ್ಥೆಗಳ ಪಟ್ಟಿ. ಇನ್ನೊಂದು, ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ನೋಂದಣಿ. ‘ಕಾರು ಮಾರುವವರು ನೀವೋ, ಮಧ್ಯದ ಕಂಪನಿಯೋ? ಮಾರಿದ ದುಡ್ಡಿನಲ್ಲಿ ನಿಮ್ಮ ಕೈಗೆ ಎಷ್ಟು ಬರುತ್ತದೆ?’ ಅಂತಲೂ ಕೇಳಿದೆ. ಕೇಳಲು ಸಂಕೋಚ ಬೇಡ. ಸರಿಯಾದ ಸಂಸ್ಥೆಯವರು ನೇರವಾಗಿ ಉತ್ತರ ಕೊಡುತ್ತಾರೆ.

ಹತ್ತು ತಿಂಗಳ ಬಾಕಿ ಶುಲ್ಕ, ದಂಡ ಎಲ್ಲ ಕಟ್ಟಿದ ಮೇಲೆಯೇ ಕಾರು ತೆಗೆದುಕೊಳ್ಳುತ್ತಾರೆ ಅಂತ ನಾನು ಭಯಪಟ್ಟಿದ್ದೆ. ಫೋನಿನಲ್ಲಿ ಮಾತಾಡಿದ ಹೆಂಗಸು ಟ್ಯಾಗಿನ ವಿಷಯ ಕೇಳಿ ‘ಪರವಾಗಿಲ್ಲ’ ಅಂದರು. ಸ್ಮಾಗ್ ಕೂಡ ಬೇಡ, ಕಾರು ಇದ್ದ ಹಾಗೆಯೇ ಹರಾಜಿಗೆ ಹೋಗುತ್ತದೆ ಅಂದರು. ಆಮೇಲೆ ಕೇಳಿದರು: ‘ಪಿಂಕ್ ಸ್ಲಿಪ್ ಇದೆಯಾ?’

ಪಿಂಕ್ ಸ್ಲಿಪ್ ಅಂದರೆ ಕಾರಿನ ಟೈಟಲ್, ಒಡೆತನದ ಪತ್ರ. ಹಳೇ ಫೈಲೆಲ್ಲ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದು ಅದರ ಒಂದು ಜೆರಾಕ್ಸ್ ಮಾತ್ರ. ಅದನ್ನು ನೋಡಿದಾಗ ಇನ್ನೊಂದು ತೊಡಕು ಕಾಣಿಸಿತು. ನಮ್ಮಿಬ್ಬರ ಹೆಸರಿನ ನಡುವೆ ‘ಆ್ಯಂಡ್’ ಎಂದಿತ್ತು. ‘ಆರ್’ ಎಂದಿದ್ದರೆ ಇಬ್ಬರಲ್ಲಿ ಒಬ್ಬರ ಸಹಿ ಸಾಕು. ‘ಆ್ಯಂಡ್’ ಇದ್ದರೆ ಇಬ್ಬರೂ ಹಾಕಬೇಕು. ಹೆಸರುಗಳ ನಡುವೆ ಬರೀ ಓರೆಗೆರೆ ಇದ್ದರೂ ಅದು ‘ಆ್ಯಂಡ್’ ಎಂದೇ ಲೆಕ್ಕ. ಹದಿನೆಂಟು ವರ್ಷ ಅದನ್ನು ನಾವು ಗಮನಿಸಿಯೇ ಇರಲಿಲ್ಲ. ನಿಮ್ಮ ಮನೆಯ ಕಾರಿನ ಟೈಟಲನ್ನು ಇವತ್ತೇ ತೆಗೆದು ನೋಡಿ ಅಂತ ಹೇಳಬೇಕು ಅನಿಸುತ್ತದೆ.

ಟೈಟಲ್ ಕಳೆದಿದ್ದರೆ ಡಿಎಂವಿಯಲ್ಲಿ ಆರ್‌ಇಜಿ 227 ಎಂಬ ಫಾರ್ಮ್ ಇದೆ. ಅದರ ಮೇಲೆಯೇ ಒಡೆತನ ವರ್ಗಾಯಿಸಲೂಬಹುದು. ಆದರೆ ನಾನು ಮಾತಾಡಿದ ಸಂಸ್ಥೆಯವರಿಗೆ ಟೈಟಲ್ ಪತ್ರವೇ ಬೇಕಿತ್ತು. ಹೊಸದಕ್ಕೆ ಅರ್ಜಿ ಹಾಕಿದೆ. ಮನೆಯವರ ಸಹಿಗೆ ಆರ್‌ಇಜಿ 260, ಅಂದರೆ ಪವರ್ ಆಫ್ ಅಟಾರ್ನಿ ಫಾರ್ಮ್, ದಾರಿಯಾಯಿತು. ಇವರು ಮೈಸೂರಿನಲ್ಲಿ ಪ್ರಿಂಟ್ ತೆಗೆಸಿ, ಸಹಿ ಹಾಕಿ ಕೊರಿಯರ್ ಮಾಡಿದರು. ಸಹಿ ಹಾಕಿದ ಮೂಲ ಪ್ರತಿಯೇ ಬೇಕು, ವಾಟ್ಸಾಪಿನಲ್ಲಿ ಕಳಿಸಿದ ಫೋಟೊ ನಡೆಯುವುದಿಲ್ಲ. ಕೊರಿಯರ್ ಒಂದು ವಾರದಲ್ಲಿ ಬಂತು, ಟೈಟಲ್ ಬರಲು ಮೂರು ವಾರ ಹಿಡಿಯಿತು. ಮ್ಯಾನೇಜರ್ ಕೊಟ್ಟ ತಿಂಗಳು ಮುಗಿಯುತ್ತಾ ಬಂದಿತ್ತು.

ಟೈಟಲ್ ಮೇಲೆ ಬರೆಯುವಾಗ ಕೈ ನಿಧಾನ ಇರಲಿ. ತಪ್ಪು ಬರೆದು ಹೊಡೆದುಹಾಕಿದರೆ, ಯಾಕೆ ಹಾಗಾಯಿತು ಅಂತ ವಿವರಿಸಲು ಇನ್ನೊಂದು ಫಾರ್ಮ್ ಬೇಕಾಗುತ್ತದೆ. ಎಲ್ಲಿ ಸಹಿ ಹಾಕಬೇಕು ಎಂದು ಸಂಸ್ಥೆಯವರನ್ನು ಕೇಳಿಕೊಂಡೇ ಪೆನ್ನು ಹಿಡಿದೆ.

ಟೋ ಗಾಡಿ ಬಂದಿದ್ದು ಒಂದು ಗುರುವಾರ. ನಾನು ದುಡ್ಡು ಕೊಡಬೇಕಾಗಿರಲಿಲ್ಲ. ಹಿಂದಿನ ದಿನವೇ ಟೋಲ್ ಕಟ್ಟುವ ಫಾಸ್‌ಟ್ರ್ಯಾಕ್ ಬಿಲ್ಲೆ, ಗೇಟಿನ ರಿಮೋಟ್, ಡ್ಯಾಶ್‌ಬೋರ್ಡಿನ ಮೇಲಿದ್ದ ಪುಟ್ಟ ಗಣಪತಿಯನ್ನು ತೆಗೆದುಕೊಂಡಿದ್ದೆ. ನಂಬರ್ ಪ್ಲೇಟ್ ಬಿಚ್ಚಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಾಮೂಲಿ ಪ್ಲೇಟ್ ಕಾರಿನ ಜೊತೆಗೇ ಹೋಗುತ್ತದೆ. ಟೆಕ್ಸಸ್‌ನಲ್ಲಿರುವ ನನ್ನ ತಂಗಿ ತನ್ನ ಕಾರು ಕೊಟ್ಟಾಗ ಬಿಚ್ಚಿಟ್ಟುಕೊಂಡಿದ್ದಳು, ಅಲ್ಲಿನ ಕ್ರಮ ಬೇರೆ. ಡ್ರೈವರ್ ಹತ್ತಿರ ಸಂಸ್ಥೆಯ ಹೆಸರಿದ್ದ ರಸೀದಿ ತೆಗೆದುಕೊಂಡೆ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದೆ. ಮಗನೂ ಕಾಲೇಜಿನಿಂದ ವಿಡಿಯೊ ಕಾಲ್‌ನಲ್ಲಿ ನೋಡುತ್ತಿದ್ದ.

ಒಳಗೆ ಬಂದವಳೇ ಲ್ಯಾಪ್‌ಟಾಪ್ ತೆಗೆದು ಡಿಎಂವಿಗೆ ‘ರಿಲೀಸ್ ಆಫ್ ಲಯಬಿಲಿಟಿ’ ನೋಟಿಸ್ ಕೊಟ್ಟೆ. ಕಾರು ಕೈಬಿಟ್ಟ ಐದು ದಿನದೊಳಗೆ ಇದನ್ನು ಕೊಡಬೇಕು. ಆನ್‌ಲೈನಿನಲ್ಲಿ ಹತ್ತು ನಿಮಿಷದ ಕೆಲಸ. ಕಾರಿನ ನಂಬರ್, ಓಡಿದ ಮೈಲಿ, ಕೊಟ್ಟ ತಾರೀಖು, ತೆಗೆದುಕೊಂಡವರ ಹೆಸರು ವಿಳಾಸ ಕೇಳುತ್ತದೆ. ಸಂಸ್ಥೆಯವರು ತಾವೇ ನೋಡಿಕೊಳ್ಳುತ್ತೇವೆ ಅಂದರೂ ನೀವೇ ಕೊಡಿ. ಇದು ಹೋಗದಿದ್ದರೆ ಡಿಎಂವಿ ಲೆಕ್ಕದಲ್ಲಿ ಕಾರು ನಿಮ್ಮದೇ. ಕಟ್ಟದ ರಿಜಿಸ್ಟ್ರೇಶನ್ ಶುಲ್ಕವನ್ನು ಡಿಎಂವಿ ಪರವಾಗಿ ರಾಜ್ಯದ ತೆರಿಗೆ ಇಲಾಖೆಯೇ ವಸೂಲು ಮಾಡುತ್ತದೆ, ಆ ಪತ್ರ ನಿಮ್ಮ ಮನೆಗೆ ಬರುತ್ತದೆ. ಕೊನೆಗೆ ಬಂದ ದೃಢೀಕರಣದ ಪುಟವನ್ನು ಪ್ರಿಂಟ್ ತೆಗೆದಿಟ್ಟೆ. ಇನ್ಶೂರೆನ್ಸ್ ನಿಲ್ಲಿಸಿದ್ದು ಇದೆಲ್ಲ ಆದ ಮೇಲೆ.

ಟ್ಯಾಕ್ಸಿನ ವಿಷಯ. ‘ಹಳೇ ಕಾರುಗಳ ಬೆಲೆ ಹೇಳುವ ಬ್ಲೂ ಬುಕ್‌ನಲ್ಲಿರುವ ಬೆಲೆಯಷ್ಟನ್ನೂ ಆದಾಯದಿಂದ ಕಳೆಯಬಹುದು’ ಅಂತ ಗೆಳತಿಯೊಬ್ಬಳು ಹೇಳಿದ್ದಳು. 2005ರಿಂದ ಹಾಗಿಲ್ಲ. ಸಂಸ್ಥೆಯವರು ಕಾರನ್ನು ಮಾರಿಬಿಟ್ಟರೆ, ಸಾಮಾನ್ಯವಾಗಿ ಮಾರಿದಾಗ ಬಂದ ದುಡ್ಡಷ್ಟೇ ಲೆಕ್ಕ. 500 ಡಾಲರಿಗೋ ಅದಕ್ಕೂ ಕಡಿಮೆಗೋ ಹೋದರೆ, 500 ಅಥವಾ ಕಾರಿನ ಮಾರುಕಟ್ಟೆ ಬೆಲೆ, ಯಾವುದು ಕಡಿಮೆಯೋ ಅದು. ನಮ್ಮದು ಹರಾಜಿನಲ್ಲಿ 725 ಡಾಲರಿಗೆ ಹೋಯಿತು. ಮಾರಿದ 30 ದಿನದೊಳಗೆ, ಬಂದ ಬೆಲೆ ತೋರಿಸುವ 1098-ಸಿ ಫಾರ್ಮ್ ಸಂಸ್ಥೆಯಿಂದ ಬಂತು. ಅದಕ್ಕಾಗಿ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೇಳುತ್ತಾರೆ, ಅದು ನಿಯಮವೇ. ಆದರೆ ಖರ್ಚುಗಳನ್ನು ಒಂದೊಂದಾಗಿ ತೋರಿಸಿ ಐಟಮೈಸ್ ಮಾಡುವವರಿಗೆ ಮಾತ್ರ ಇದರ ಲಾಭ. 2024ಕ್ಕೆ ಗಂಡ ಹೆಂಡತಿಗೆ ಸೇರಿ 29,200 ಡಾಲರ್ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಖರ್ಚಿನ ಲೆಕ್ಕ ತೋರಿಸದೆಯೇ ಸಿಗುವ ಕಡಿತ, ಇತ್ತು. ನಾವು ಅದನ್ನೇ ತೆಗೆದುಕೊಂಡೆವು, ಕಾರಿನಿಂದ ಒಂದು ಡಾಲರೂ ಉಳಿಯಲಿಲ್ಲ. ನನಗೆ ಬೇಜಾರಿಲ್ಲ. ಆ 725ರಲ್ಲಿ ಸಂಸ್ಥೆಗೆ ಸೇರಿದ ಪಾಲಿನಿಂದ ಎಷ್ಟೋ ಮನೆಗಳಿಗೆ ಅಕ್ಕಿ ಬೇಳೆ ಹೋಗಿರುತ್ತದೆ.

ಏಪ್ರಿಲ್‌ನಲ್ಲಿ ನನ್ನ ಹೆಸರಿಗೆ ಒಂದು ಪಾರ್ಕಿಂಗ್ ದಂಡದ ನೋಟಿಸ್ ಬಂತು. ನಾನು ಎಂದೂ ಹೋಗದ ಊರು, ನಮ್ಮ ಕೊರೊಲಾದ ನಂಬರ್. ಎದೆ ಧಸಕ್ ಅಂದಿತು. ಫೈಲಿನಿಂದ ಆ ದೃಢೀಕರಣದ ಪುಟ ತೆಗೆದು, ಟೋ ರಸೀದಿಯ ಪ್ರತಿ ಸೇರಿಸಿ ಅಂಚೆಗೆ ಹಾಕಿದೆ. ಮೂರು ವಾರದ ಮೇಲೆ ದಂಡ ರದ್ದಾಗಿದೆ ಅಂತ ಪತ್ರ ಬಂತು.