ಸೊನ್ನೆಯಿಂದ ನೂರರಾಚೆ: ಸಣ್ಣ ಸ್ಪೋರ್ಟಿ ಕಾರುಗಳನ್ನು ಅಳೆದು ನೋಡಿದ ನನ್ನ ಅನುಭವ

ಕೈಗೆಟಕುವ ಬೆಲೆಯ ಮೂರು ಟರ್ಬೊ ಹ್ಯಾಚ್‌ಬ್ಯಾಕ್‌ಗಳಲ್ಲಿ ನಿಜಕ್ಕೂ ಚುರುಕಾದದ್ದು ಯಾವುದೆಂದು, ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಹಿಡಿಯುವ ಸಮಯವನ್ನು ಅಳೆದು ತಿಳಿಯಲು ಹೊರಟ ಮೊದಲ ದಿನ ನಾನು ಸ್ಪೀಡೋಮೀಟರಿನ ಮುಳ್ಳನ್ನೂ ಮೊಬೈಲಿನ ಸ್ಟಾಪ್‌ವಾಚನ್ನೂ ನಂಬಿದ್ದೆ. ಅಂದು ಬರೆದುಕೊಂಡ ಅಂಕಿಗಳನ್ನೆಲ್ಲ ಆಮೇಲೆ ಕೈಬಿಡಬೇಕಾಯಿತು. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸಲು ಮಾತ್ರ ಶೇಕಡಾ 10 ಮತ್ತು ಅದರ ಮೇಲೆ ಗಂಟೆಗೆ 4 ಕಿ.ಮೀ.ವರೆಗೆ ಅವಕಾಶವಿದೆ. ಮುಳ್ಳು 100 ಮುಟ್ಟಿದಾಗ ಒಂದು ಕಾರು 97ರಲ್ಲಿಯೂ ಇನ್ನೊಂದು 94ರಲ್ಲಿಯೂ ಇದ್ದವು ಎಂಬುದು, ಉಪಗ್ರಹದ ನೆರವಿನಿಂದ ನಿಜವಾದ ವೇಗವನ್ನು ದಾಖಲಿಸುವ ಜಿಪಿಎಸ್ ಲಾಗರ್ ಅಳವಡಿಸಿದ ಬಳಿಕವೇ ತಿಳಿಯಿತು.

ಎರಡನೆಯ ಸಲ ಮುಚ್ಚಿದ ಟ್ರ್ಯಾಕಿನಲ್ಲಿ, ಒಬ್ಬನೇ ಚಾಲಕ, ಅರ್ಧ ಟ್ಯಾಂಕ್ ಇಂಧನ, ಟೈರು ತಣ್ಣಗಿದ್ದಾಗಲೇ ಸರಿಪಡಿಸಿದ ಗಾಳಿಯ ಒತ್ತಡ ಎಂಬ ಕಟ್ಟುಪಾಡಿನೊಂದಿಗೆ ಓಡಿಸಿ, ಪ್ರತಿ ಓಟವನ್ನೂ ಎರಡು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆದೆ. ಕಣ್ಣಿಗೆ ಕಾಣದ ಶೇಕಡಾ 1ರಷ್ಟು ಇಳಿಜಾರು ಕೂಡ, 8 ಸೆಕೆಂಡಿನಲ್ಲಿ ನೂರು ಮುಟ್ಟುವ ಕಾರಿಗೆ ಸುಮಾರು ಕಾಲು ಸೆಕೆಂಡನ್ನು ಉಡುಗೊರೆಯಾಗಿ ಕೊಟ್ಟುಬಿಡುತ್ತದೆ.

ನನ್ನ ಎಣಿಕೆಯನ್ನು ಬುಡಮೇಲು ಮಾಡಿದ್ದು ಗೇರು. ಒಂದು ಕಾರಿನ ಎರಡನೆಯ ಗೇರು 96ಕ್ಕೇ ಮುಗಿದುಹೋಗುತ್ತಿತ್ತು. ಕೊನೆಯ 4 ಕಿ.ಮೀ. ವೇಗಕ್ಕಾಗಿ ಕ್ಲಚ್ ತುಳಿದು ಮೂರಕ್ಕೆ ಹಾಕುವಷ್ಟರಲ್ಲಿ ಲಾಗರಿನ ವೇಗದ ಗೆರೆ ಅರ್ಧ ಸೆಕೆಂಡ್ ಅಡ್ಡಡ್ಡ ಮಲಗುತ್ತಿತ್ತು. ಪಟ್ಟಿಯಲ್ಲಿ ಹಿಂದೆ ಬಿದ್ದ ಅದೇ ಕಾರು, ಮೂರನೆಯ ಗೇರಿನಲ್ಲಿ 40ರಿಂದ 80ಕ್ಕೆ ಏರುವ ಪರೀಕ್ಷೆಯಲ್ಲಿ ಉಳಿದೆರಡನ್ನೂ ಹಿಂದಿಕ್ಕಿತು. ಓವರ್‌ಟೇಕ್ ಮಾಡುವಾಗ ಒದಗಿಬರುವುದು ಈ ಎರಡನೆಯ ಶಕ್ತಿಯೇ ಆದ್ದರಿಂದ, ಅಂದಿನಿಂದ ನಾನು ಸೊನ್ನೆಯಿಂದ ನೂರರ ಅಂಕಿಗೆ ಎರಡನೆಯ ಸ್ಥಾನವನ್ನಷ್ಟೇ ಕೊಡುತ್ತೇನೆ.

ತಯಾರಕರು ಕೊಡುವ ಅಂಕಿಗಳನ್ನೂ ಹೀಗೆಯೇ ತೂಕದೊಂದಿಗೆ ಓದಬೇಕು. 2017ರ ಸುಜುಕಿ ಸ್ವಿಫ್ಟ್ ಸ್ಪೋರ್ಟ್‌ಗೆ 140 ಪಿಎಸ್ ಶಕ್ತಿ, 230 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ), ಜಪಾನಿನ ಮಾದರಿಯಲ್ಲಿ 970 ಕೆ.ಜಿ.; ಹ್ಯುಂಡೈ ಐ20 ಎನ್‌ಗೆ 204 ಪಿಎಸ್, 275 ನ್ಯೂಟನ್ ಮೀಟರ್, ಸುಮಾರು 1190 ಕೆ.ಜಿ. ಟನ್ನಿಗೆ ಲೆಕ್ಕ ಹಾಕಿದರೆ ಶಕ್ತಿಯಲ್ಲಿ 144ಕ್ಕೆ 171ರಷ್ಟು ಅಂತರವಿದೆ, ಆದರೆ ಟಾರ್ಕ್‌ನಲ್ಲಿ 237 ಮತ್ತು 231, ಹೆಚ್ಚುಕಡಿಮೆ ಸರಿಸಮ. ಎಂಜಿನ್ ಕೂಗುವವರೆಗೆ ತಿರುಗಿಸದೆ ಓಡಿಸುವವರಿಗೆ, ಗೇರಿನ ಅನುಪಾತವನ್ನು ಬದಿಗಿಟ್ಟು ನೋಡಿದರೆ, ಈ ಎರಡನೆಯ ಲೆಕ್ಕವೇ ಹತ್ತಿರದ್ದು.

ಬ್ರೇಕನ್ನೂ ಪರೀಕ್ಷಿಸಿದೆ, ಟೈರುಗಳು ಬೇರೆ ಬೇರೆ ಕಂಪನಿಯವಾಗಿದ್ದುದರಿಂದ ಆ ಹೋಲಿಕೆಯನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕೊನೆಗೆ ತೀರ್ಮಾನವನ್ನು ಬರೆದದ್ದು ಬಿಸಿ. ಬಿಡುವಿಲ್ಲದೆ ಆರು ಓಟ ಓಡಿಸಿದಾಗ ಟರ್ಬೊ ಎಂಜಿನ್ನಿಗೆ ಒತ್ತಿ ತುಂಬುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕಾದು, ಒಳಹೋಗುವ ಗಾಳಿಯ ಸಾಂದ್ರತೆ ತಗ್ಗಿ, ಇಂಧನ ತಾನಾಗಿಯೇ ಹೊತ್ತಿಕೊಂಡು ಎಂಜಿನ್ ಬಡಿದುಕೊಳ್ಳದಂತೆ ಕಂಪ್ಯೂಟರ್ ಕಿಡಿಯ ಸಮಯವನ್ನು ತಡಮಾಡುತ್ತದೆ; ಶಕ್ತಿ ಕುಗ್ಗುತ್ತದೆ. ಮೊದಲ ಓಟದಲ್ಲಿ ಗೆದ್ದ ಕಾರು ಆರನೆಯದರ ಹೊತ್ತಿಗೆ 0.6 ಸೆಕೆಂಡ್ ಕಳೆದುಕೊಂಡಿತ್ತು. ಗೇರು ಬೇಗ ಮುಗಿಯುತ್ತಿದ್ದ ಆ ಕಾರಿನ ಆರೂ ಓಟಗಳು 0.1 ಸೆಕೆಂಡಿನ ಅಂತರದೊಳಗೇ ನಿಂತವು. ನಾನು ಕೊಂಡದ್ದು ಅದನ್ನೇ.